ದೊರೆಸಾನಿಗೆ ಸಿಕ್ಕ ಆರು ವಾರ

ಮಾರ್ಚ್ 4

ತಮ್ಮನಿಗೆ,

ಇತ್ತ ಎಲ್ಲರೂ ಕ್ಷೇಮ ಎಂದು ಶುರುಮಾಡಿದರೆ ಪಕ್ಕದಲ್ಲಿ ಕೂತಿರುವ ನಿನ್ನ ಭಾವ ನಗುತ್ತಾರೆ. ಅದಕ್ಕೆ ಆ ಸಾಲನ್ನು ಬಿಟ್ಟೇ ಬರೆಯುತ್ತಿದ್ದೇನೆ. ಪಟ್ಟಿಯಲ್ಲಿ ಇವರೇ ಮೊದಲನೆಯವರು ಎಂದು ನಿನ್ನೆ ಖಾತ್ರಿಯಾಯಿತು. ಏಪ್ರಿಲ್ ಕೊನೆಗೆ ಆಪರೇಷನ್. ನೀನು ಕೆಲಸ ಮಾಡುವ ಕೊಟ್ಟಿಗೆಯ ಹಂದಿಯ ಕಿಡ್ನಿಯನ್ನು ಇವರ ಹೊಟ್ಟೆಯಲ್ಲಿ ಕೂರಿಸುತ್ತಾರೆ.

ಸಂತೋಷಪಡಬೇಕು. ಪಡುತ್ತಲೂ ಇದ್ದೇನೆ. ಆದರೆ ಎಷ್ಟು ಸುಸ್ತಾಗಿದೆ ಎಂದರೆ ಸಂತೋಷಪಡುವುದೂ ಇನ್ನೊಂದು ಕೆಲಸ ಅನ್ನಿಸುತ್ತದೆ. ಡಯಾಲಿಸಿಸ್ ಸೂಜಿಗೆಂದು ಎಡಗೈಯಲ್ಲಿ ಮಾಡಿದ್ದ ನಾಳ ಕಳೆದ ತಿಂಗಳು ಮುಚ್ಚಿಕೊಂಡಿತು. ಬಲಗೈಯದು ಹೋಗಿ ಯಾವ ಕಾಲವಾಯಿತೋ. ಈಗ ಕುತ್ತಿಗೆಗೆ ಕೊಳವೆ ಹಾಕಿದ್ದಾರೆ. "ಇದು ಜಾಸ್ತಿ ದಿನ ಬಾಳಲ್ಲಮ್ಮ. ಕೀವಾಗೋಕೆ ಮುಂಚೆ ಕಿಡ್ನಿ ಬಂದ್ಬಿಡ್ಬೇಕು," ಅಂದರು ಕಿಡ್ನಿ ಡಾಕ್ಟರು. ಹಿಂದೊಮ್ಮೆ ಇದೇ ಡಾಕ್ಟರು ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು, ಸ್ಟೆಮ್ ಸೆಲ್‌ನಿಂದ ನಿಮ್ಮದೇ ಮೈಯ ಹೊಸ ಕಿಡ್ನಿ ಬೆಳೆಸುವ ದಿನ ದೂರವಿಲ್ಲ ಅಂದಿದ್ದರು. ಆ ದಿನ ಇನ್ನೂ ದಾರಿಯಲ್ಲೇ ಇದೆ. ಅಷ್ಟರಲ್ಲಿ ಹಂದಿ ಅದನ್ನು ಹಿಂದೆ ಹಾಕಿ ಬಂತು.

ಡಯಾಲಿಸಿಸ್‌ನಲ್ಲಿ ಇವರ ಪಕ್ಕದ ಕುರ್ಚಿಯಲ್ಲಿ ಶಾಲೆಯ ವ್ಯಾನ್ ಓಡಿಸುವ ಹುಡುಗಿಯೊಬ್ಬಳು ಕೂರುತ್ತಾಳೆ. ಪಟ್ಟಿಯಲ್ಲಿ ಅವಳು ಎರಡನೆಯವಳು. "ನೀವು ಮುಂದೆ ಹೋಗಿ ಅಂಕಲ್, ರಸ್ತೆ ಹೇಗಿದೆ ಅಂತ ನನಗೆ ಹೇಳಿ," ಅಂದಳು. ಇವರು ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮ ಕಟ್ಟಡದ ಲಿಫ್ಟು ಮತ್ತೆ ಕೆಟ್ಟಿದೆ. ಜೀವಮಾನವಿಡೀ ಕಂಡವರ ಲಿಫ್ಟ್ ರಿಪೇರಿ ಮಾಡಿದ ಮೆಕ್ಯಾನಿಕ್ಕು ಈಗ ಮೂರನೇ ಮಹಡಿ ಹತ್ತುವಷ್ಟರಲ್ಲಿ ನಾಲ್ಕು ಕಡೆ ಕೂರುತ್ತಾರೆ. ನಾನು ಹೊಲಿಗೆ ಮೆಷಿನ್ನಿನ ಸ್ಟೂಲು ಹೊತ್ತುಕೊಂಡು ಹಿಂದೆ ಹಿಂದೆ ಹತ್ತುತ್ತೇನೆ. ಆಪರೇಷನ್ನಿಗೆ ಮುಂಚೆ ಒಂದು ಸಲ ಬಂದು ಹೋಗು. ಇವರಿಗೆ ನಿನ್ನನ್ನು ನೋಡಬೇಕಂತೆ.

ಅಕ್ಕ

ಇದು ನಾನು, ನಿನ್ನ ಭಾವ. ಬಿಡಿಭಾಗ ಎಲ್ಲಿಂದ ಬಂತು ಎಂದು ತಿಳಿಯದೆ ನಾನು ಒಂದು ಲಿಫ್ಟಿಗೂ ಕೂರಿಸಿದವನಲ್ಲ. ಆ ಹಂದಿ ಯಾವುದು, ಹೇಗಿದೆ, ಬರಿ.


ಮಾರ್ಚ್ 12

ಅಕ್ಕನಿಗೆ,

ನಿನ್ನ ಕಾಗದ ನಿನ್ನೆ ಕೈಗೆ ಬಂತು. ಇಲ್ಲಿ ಒಳಗೆ ಬರುವ ಯಾವ ವಸ್ತುವೂ ಗೇಟಿನ ನೇರಳೆ ದೀಪದ ಪೆಟ್ಟಿಗೆಯಲ್ಲಿ ಮಲಗಿ ಎದ್ದೇ ಬರಬೇಕು. ಫೋನು ಗೇಟಿನ ಲಾಕರಿನಲ್ಲಿ ಇರುತ್ತದೆ, ವಾರಗಟ್ಟಲೆಯ ಪಾಳಿ ಮುಗಿಸಿ ಹೊರಗೆ ಬರುವ ತನಕ ಮುಟ್ಟುವ ಹಾಗಿಲ್ಲ. ಊಟ, ನಿದ್ದೆ ಎಲ್ಲ ಒಳಗಿನ ಕ್ವಾರ್ಟರ್ಸಿನಲ್ಲೇ. ಹೊರಗಿನ ಲೋಕ ಅಂದರೆ ನಿನ್ನ ಕಾಗದವೇ.

ಕೊಟ್ಟಿಗೆ ಅನ್ನುತ್ತೀಯ, ಬಂದು ನೋಡಿದರೆ ನಗುತ್ತೀಯ. ಮೂರು ಬಾಗಿಲು ದಾಟಿ, ಎರಡು ಸಲ ತಲೆಯಿಂದ ಸ್ನಾನ ಮಾಡಿ, ಅವರು ಕೊಟ್ಟ ಬಟ್ಟೆ ಹಾಕಿಕೊಂಡೇ ನಾವು ಒಳಗೆ ಹೋಗಬೇಕು. ಮದುಮಗನನ್ನೂ ಇಷ್ಟು ತೊಳೆಯುವುದಿಲ್ಲ. ಈ ಹಂದಿಗಳ ವಂಶವಾಹಿಯಲ್ಲಿ ಹತ್ತು ಕಡೆ ತಿದ್ದಿದ್ದಾರೆ. ಮನುಷ್ಯನ ಮೈ "ಇದು ನಮ್ಮದಲ್ಲ, ಆಚೆ ಹಾಕಿ" ಎಂದು ಪತ್ತೆ ಹಚ್ಚುವ ಗುರುತುಗಳನ್ನು ತೆಗೆದು, ನಮ್ಮ ಗುರುತು ಒಂದಷ್ಟು ಸೇರಿಸಿದ್ದಾರಂತೆ. ಪಶುವೈದ್ಯೆ ಡಾಕ್ಟರಮ್ಮ ವಿವರಿಸಿದ್ದರಲ್ಲಿ ನನ್ನ ತಲೆಗೆ ಹೋದದ್ದು ಇಷ್ಟು. ನೋಡುವುದಕ್ಕೆ ಹಂದಿ ಹಂದಿಯೇ.

ತಿಂಗಳ ಕೊನೆಗೆ ರಜೆ ಇದೆ, ಬರುತ್ತೇನೆ. ಆದರೆ ಒಂದು ಮಾತು, ತಮಾಷೆಯಲ್ಲ. ಮನೆಯಲ್ಲಿ ಯಾರಿಗಾದರೂ ನೆಗಡಿ, ಕೆಮ್ಮು ಇದ್ದರೆ ತಿಳಿಸು, ನಾನು ಬರುವುದಿಲ್ಲ. ಮನುಷ್ಯರ ಸೋಂಕು ಇವಕ್ಕೆ ಹತ್ತುತ್ತದೆ. ಹತ್ತಿರಬಹುದು ಎಂಬ ಅನುಮಾನ ಬಂದರೂ ಸಾಕು, ಇಡೀ ಕೊಟ್ಟಿಗೆಗೆ ಆರು ವಾರ ಬೀಗ. ಅಲ್ಲಿಯ ತನಕ ಒಂದು ಕಿಡ್ನಿಯೂ ಹೊರಗೆ ಹೋಗುವುದಿಲ್ಲ. ಯಾಕೆಂದರೆ ಹಾಕಿಸಿಕೊಂಡವರ ಮೈಯ ಕಾವಲನ್ನು ಔಷಧಿ ಕೊಟ್ಟು ಮಲಗಿಸಿರುತ್ತಾರೆ. ಕಿಡ್ನಿಯ ಜೊತೆ ಒಂದು ಸೋಂಕು ಒಳಗೆ ಹೋದರೆ ಕೇಳುವವರಿಲ್ಲ. ಅಲ್ಲಿಂದ ವೇಷ ಬದಲಿಸಿಕೊಂಡು ನಿನಗೆ, ನೆರೆಯವರಿಗೆ ಹತ್ತಿದರೂ ಹತ್ತೀತು ಅನ್ನುತ್ತಾರೆ.

ಭಾವನಿಗೆ ಹೇಳು, ಹಂದಿಗಳೆಲ್ಲ ಚೆನ್ನಾಗಿವೆ. ಅವಕ್ಕೆ ನಂಬರು ಇರುತ್ತದೆ ಅಷ್ಟೆ. ಹೆಸರಿಡಬಾರದೆಂದು ನಿಯಮ.

ತಮ್ಮ


ಮಾರ್ಚ್ 20

ತಮ್ಮನಿಗೆ,

ಆಸ್ಪತ್ರೆಯ ನೀತಿ ಸಮಿತಿಯಿಂದ ಮೂವರು ಮನೆಗೆ ಬಂದಿದ್ದರು. ಕೂರಲು ಜಾಗವೆಲ್ಲಿ? ಕುರ್ಚಿಯ ಮೇಲೆಲ್ಲ ಕಾರ್ಖಾನೆಗೆ ಹೊಲಿದುಕೊಡಬೇಕಾದ ಕಾಲರ್‌ಗಳು. ಪಾಪ, ಅವನ್ನೇ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, "ನೀವೇ ಮೊದಲನೆಯವರು ಅಂತ ಗೊತ್ತಿದೆ ತಾನೆ? ಬೇಡ ಅಂದ್ರೂ ಈಗಿನ ಚಿಕಿತ್ಸೆ ನಿಲ್ಸಲ್ಲ," ಅಂದರು.

ಇವರು ಹೇಳಿದ್ದು ಕೇಳು. "ಲಿಫ್ಟ್ ಕೂರಿಸಿದವನೇ ಮೊದ್ಲು ಅದ್ರಲ್ಲಿ ಹತ್ಬೇಕು ಅನ್ನೋದು ನಮ್ಮ ಕಸುಬಿನ ಪದ್ಧತಿ ಸಾರ್. ನಿಮ್ಮಲ್ಲಿ ಕೂರಿಸಿದವ್ರು ಕೆಳಗೆ ನಿಂತ್ಕೊಂಡು ನಮ್ಮನ್ನ ಹತ್ತಿಸ್ತೀರಿ. ಇರ್ಲಿ, ಹತ್ತುತೀನಿ. ಮೆಟ್ಲು ಹತ್ತಿ ಸಾಕಾಗಿದೆ."

ಮೇಷ್ಟ್ರು ಅದನ್ನು ಹಾಗೇ ಬರೆದುಕೊಂಡರು. ಆಮೇಲೆ ಅವರ ಜೊತೆ ಬಂದಿದ್ದ ಹೆಂಗಸು, ಪ್ರಾಣಿಯ ಬಗ್ಗೆ ನಿಮಗೆ ಏನನ್ನಿಸುತ್ತದೆ ಎಂದು ಕೇಳಿದಳು. "ಅದನ್ನೇ ನಮ್ಮ ಬಾಮೈದನಿಗೆ ಕೇಳಿ ಬರೆದೆ. ಎಲ್ಲಾ ಚೆನ್ನಾಗಿವೆ ಅಂತ ಉತ್ತರ ಬಂತು. ಸರ್ಕಾರಿ ಉತ್ತರ," ಅಂದರು ಇವರು.

ಒಪ್ಪಿಗೆ ಪತ್ರದಲ್ಲಿ ಷರತ್ತುಗಳಿವೆ: ಬದುಕಿರುವಷ್ಟು ದಿನವೂ ಇವರ ರಕ್ತ ಪರೀಕ್ಷೆ, ಜೊತೆಗೆ ನನ್ನದೂ. ಸತ್ತರೆ ದೇಹ ಮೊದಲು ಅವರಿಗೆ, ಆಮೇಲೆ ನಮಗೆ. ಸಹಿ ಹಾಕಿದೆ. ನಿಮಗೇನನ್ನಿಸುತ್ತದಮ್ಮ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ನನಗೇ ತಿಳಿಯದು. ಟೀ ಲೋಟ ಎತ್ತಿಕೊಂಡು ಒಳಗೆ ಹೋದೆ.

ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ, ನಿನಗೆ ಬೇಕಾದ ಅರ್ಥದಲ್ಲಿ. ಇವರು ದಿನಾ ನಿನ್ನ ದಾರಿ ಕಾಯುತ್ತಾರೆ. ನೆಪ ಹೇಳದೆ ಬಾ.

ಅಕ್ಕ


ಏಪ್ರಿಲ್ 3

ಅಕ್ಕನಿಗೆ,

ಗೇಟಿನ ಕೋಣೆಯಲ್ಲಿ ಕಾಯಿಸಿ, ಜ್ವರ ನೋಡಿ, ನಿನ್ನೆ ಒಳಗೆ ಬಿಟ್ಟರು. ಬಸ್ ನಿಲ್ದಾಣದಲ್ಲಿ ನೀನು ಮುಖ ಆ ಕಡೆ ತಿರುಗಿಸಿಕೊಂಡು ಕರ್ಚೀಫಿನಿಂದ ಮತ್ತೆ ಮತ್ತೆ ಮೂಗು ಒರೆಸುತ್ತಾ ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನೀನು ಚಿಕ್ಕಂದಿನಿಂದಲೂ ಹೀಗೇ. ಕಣ್ಣೀರು ಕಾಣಬಾರದೆಂದು ಮೂಗು ಒರೆಸುತ್ತೀಯ. ಅಳಬೇಡ ಅಕ್ಕ. ಅದಕ್ಕೇ ನೀನು ಬೇಡ ಬೇಡ ಎಂದರೂ ತಬ್ಬಿಕೊಂಡೆ.

ಭಾವ ನಿನಗೆ ಹೇಳಿರುತ್ತಾರೆ. ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತು ನನ್ನ ಬಾಯಿ ಬಿಡಿಸಿದರು. ಅವರಿಗೆಂದು ಗೊತ್ತುಮಾಡಿರುವುದು ಹದಿನೇಳನೇ ನಂಬರು. ನಿಯಮ ಏನೇ ಇರಲಿ, ನಾನು ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟಿದ್ದೇನೆ. ಹುಟ್ಟಿದ ಕೂಡಲೇ ಇವನ್ನು ತಾಯಿಯಿಂದ ಬೇರೆ ಮಾಡುತ್ತಾರೆ, ಸೋಂಕಿನ ಭಯ. ಬಾಟಲಿಯಲ್ಲಿ ಹಾಲು ಕುಡಿಸಿದ್ದು ನಾನು. ನಾನು ಬಗ್ಗಿದರೆ ಸಾಕು, ಬೂಟಿನ ಪಟ್ಟಿ ಕಚ್ಚಿ ಬಿಚ್ಚುತ್ತದೆ. ತಿಂದು ಮುಗಿದ ಬಕೆಟ್ಟನ್ನು ಕವುಚಿ ಹಾಕಿ ಅದರ ಮೇಲೆ ಗಲ್ಲ ಇಟ್ಟು ಮಲಗುತ್ತದೆ. ಒಂದೇ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ, ಅಷ್ಟು ಅಚ್ಚುಕಟ್ಟು. ಇದನ್ನು ಹೇಳಿದಾಗ ಭಾವ, "ಹಾಗಾದ್ರೆ ಕಿಡ್ನಿ ಒಳ್ಳೇ ಕಂಪನೀದೇ ಬಿಡು," ಎಂದು ನಕ್ಕರು.

ಅವಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ತಮ್ಮ


ಏಪ್ರಿಲ್ 5

ತಮ್ಮಾ,

ಈಗ ತಾನೆ ನಿನ್ನ ಕಾಗದ ಓದಿದೆ. ನಾನು ಅತ್ತದ್ದಲ್ಲ. ಅದು ನೆಗಡಿ.

ನೀನು ಬರುವ ಹಿಂದಿನ ದಿನ ಶುರುವಾಗಿತ್ತು. ಹೇಳಿದ್ದರೆ ನೀನು ಅರ್ಧ ದಾರಿಯಿಂದಲೇ ವಾಪಸು ಹೋಗುತ್ತಿದ್ದೆ. ಇವರು ಆಪರೇಷನ್ ಟೇಬಲ್ಲಿನಿಂದ ಏಳುತ್ತಾರೋ ಇಲ್ಲವೋ, ಒಂದು ಸಲ ನಿನ್ನನ್ನು ನೋಡಲಿ ಎಂದು ಮುಚ್ಚಿಟ್ಟೆ. ಮಾತ್ರೆ ನುಂಗಿ, ದೂರ ದೂರವೇ ಓಡಾಡಿದೆ. ಇವರಿಗೆ ಹತ್ತಲಿಲ್ಲ, ಅದೊಂದು ಪುಣ್ಯ. ಕೊನೆಯಲ್ಲಿ ನೀನೇ ಬಂದು ತಬ್ಬಿಕೊಂಡೆ.

ನಿನಗೇನೂ ಆಗಿಲ್ಲ ತಾನೆ? ಆಗಿದ್ದರೆ ದಯವಿಟ್ಟು ಬಾಯಿ ಬಿಡಬೇಡ. ಒಂದು ಸೀನು, ಎರಡು ಸೀನು, ಯಾರು ಲೆಕ್ಕ ಇಡುತ್ತಾರೆ? ಹೊಟ್ಟೆನೋವು ಅಂತ ಹೇಳಿ ರೂಮಿನಲ್ಲಿ ಮಲಗು. ಕೊಳವೆಯ ಸುತ್ತ ಆಗಲೇ ಕೆಂಪಗಾಗಿದೆ. ಆರು ವಾರ ಇವರ ಕೈಯಲ್ಲಿಲ್ಲ. ನೆಗಡಿ ಬಂತು ಅಂತ ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರಾ? ನೀನು ಬಾಯಿ ಬಿಟ್ಟರೆ ಕೊಯ್ಯುವುದು ಮೂಗನ್ನಲ್ಲ, ನಿನ್ನ ಭಾವನ ಕುತ್ತಿಗೆಯನ್ನು.

ಅಕ್ಕ


ಏಪ್ರಿಲ್ 5

ಅಕ್ಕನಿಗೆ,

ಹೇಗೆ ಬರೆಯಲಿ. ಇವತ್ತು ಬೆಳಗ್ಗೆ ದೊರೆಸಾನಿಯ ಮುಂದೆ ಬಕೆಟ್ ಇಡುವಾಗ ಸೀನಿದೆ. ಮಾಸ್ಕು ಇತ್ತು. ಯಾರೂ ನೋಡಲಿಲ್ಲ. ಅವಳು ಮಾತ್ರ ತಲೆಯೆತ್ತಿ ನೋಡಿದಳು. ನಿನ್ನೆಯಿಂದ ಗಂಟಲು ಕೆರೆಯುತ್ತಿತ್ತು, ಮೇವಿನ ಧೂಳು ಅಂದುಕೊಂಡಿದ್ದೆ.

ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಹೋಗಿ ಡಾಕ್ಟರಮ್ಮನಿಗೆ ಹೇಳಿದೆ.

"ಎಲ್ಲಿ ಅಂಟಿಸ್ಕೊಂಡ್ರಿ?" ಅಂದರು.

"ಬಸ್ಸಲ್ಲಿ ಪಕ್ಕದವನು ಕೆಮ್ತಾ ಇದ್ದ," ಅಂದೆ. ಅವನದೇ ಇರಬೇಕು.

ಅವರು ಬೈಯಲಿಲ್ಲ. ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಮಧ್ಯಾಹ್ನಕ್ಕೆಲ್ಲ ಬೀಗ ಬಿತ್ತು. ಒಳಗಿದ್ದ ನಾವೆಲ್ಲರೂ ಒಳಗೇ. ನಿಮಗೆ ಆಸ್ಪತ್ರೆಯವರು ತಿಳಿಸುತ್ತಾರೆ. ಅವರಿಗಿಂತ ಮುಂಚೆ ನನ್ನಿಂದ ತಿಳಿಯಲಿ ಎಂದು ಬರೆದೆ, ಆದರೆ ಈ ಕಾಗದ ಅವರ ಫೋನು ಬಂದ ಮೇಲೆಯೇ ತಲುಪುತ್ತದೆ.

ತಮ್ಮ


ಏಪ್ರಿಲ್ 11

ಅಕ್ಕನಿಗೆ,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಎದುರುಬದುರಾಗಿ ಹೋಗಿವೆ. ನಾನು ಬಾಯಿ ಬಿಡುವ ಮುಂಚೆ ನಿನ್ನದು ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಆಗಲೂ ಹೇಳಿಯೇ ಹೇಳುತ್ತಿದ್ದೆ ಎಂದು ಎದೆ ತಟ್ಟಿಕೊಳ್ಳಲಾರೆ.

ಡಾಕ್ಟರಮ್ಮನಿಗೆ ನಾನು ಕೊಟ್ಟ ಹೇಳಿಕೆ ಬದಲಿಸಿಲ್ಲ. ಬಸ್ಸಿನವನದೇ ಇರಲಿ. ನಿನ್ನ ಹೆಸರು ಎಲ್ಲೂ ಬರುವುದಿಲ್ಲ. ಭಾವನಿಗೂ ಬಸ್ಸಿನವನೆಂದೇ ಹೇಳು.

ಮೂರು ದಿನ ಜ್ವರ ಬಂದು ಬಿಟ್ಟಿತು. ದೊರೆಸಾನಿಯ ಮೂಗಿನ ದ್ರವ ತೆಗೆದು ನೋಡಿದ್ದಾರೆ. ಇಲ್ಲಿಯ ತನಕ ಏನೂ ಇಲ್ಲ. ಇಲ್ಲದಿದ್ದರೂ ಬೀಗ ತೆಗೆಯುವುದಿಲ್ಲ. ನನ್ನನ್ನು ಗಾಜಿನ ಆಚೆ ನಿಲ್ಲಿಸಿದ್ದಾರೆ. ಅವಳು ಬೇರೆಯವರು ತಂದ ಬಕೆಟ್ಟನ್ನು ಕವುಚಿ ಹಾಕಿ ಈ ಕಡೆಯೇ ನೋಡುತ್ತಾಳೆ.

ನಿನ್ನಿಂದ ಒಂದನ್ನು ಮುಚ್ಚಿಡಬಾರದು. ಭಾವನ ಒಳ್ಳೆಯದಕ್ಕೇ ಹೇಳಿದೆ, ಅದು ಸುಳ್ಳಲ್ಲ. ಆದರೆ ಬೀಗ ಬಿದ್ದಾಗ ಎದೆಯೊಳಗೆ ಒಂದು ಮೂಲೆಯಲ್ಲಿ ಹಗುರವಾಯಿತು. ಅವಳಿಗೆ ಇನ್ನೂ ಆರು ವಾರ ಇದೆ ಅನ್ನಿಸಿತು. ನಿಯಮಕ್ಕಾಗಿ ಹೇಳಿದೆನೋ, ಅವಳಿಗಾಗಿ ಹೇಳಿದೆನೋ, ಎಷ್ಟು ಬಗೆದರೂ ತಿಳಿಯುತ್ತಿಲ್ಲ.

ಕೊಳವೆ ಹೇಗಿದೆ? ಬರಿ.

ತಮ್ಮ


ಏಪ್ರಿಲ್ 25

ಅಕ್ಕನಿಗೆ,

ನಿನ್ನ ಕಾಗದ ಇಲ್ಲ. ಕೋಪವಿರಲಿ, ಬೈದಾದರೂ ಬರಿ. ಭಾವನಿಗೆ ಓದಿ ಹೇಳು: ನನ್ನನ್ನು ಮತ್ತೆ ಒಳಗೆ ಬಿಟ್ಟರು. ದೊರೆಸಾನಿ ಮೊದಲ ದಿನ ಮುನಿಸಿಕೊಂಡು ಗೋಡೆ ಕಡೆ ತಿರುಗಿ ನಿಂತಿದ್ದಳು. ಎರಡನೇ ದಿನ ಬೂಟಿನ ಪಟ್ಟಿ ಬಿಚ್ಚಿದಳು. ತೂಕ ಸರಿಯಾಗಿದೆ.

ತಮ್ಮ


ಮೇ 8

ಅಕ್ಕನಿಗೆ,

ಇನ್ನು ಕೆಲವೇ ದಿನ. ಪರೀಕ್ಷೆಗಳೆಲ್ಲ ಚೊಕ್ಕ. ಬೀಗ ತೆಗೆದ ಮೊದಲ ವಾರವೇ ಆಪರೇಷನ್ ಇಟ್ಟುಕೊಳ್ಳಬಹುದು ಎಂದು ಡಾಕ್ಟರಮ್ಮ ಆಸ್ಪತ್ರೆಗೆ ಬರೆದಿದ್ದಾರಂತೆ. ಭಾವನಿಗೆ ಧೈರ್ಯವಾಗಿರಲು ಹೇಳು.

ಒಂದು ಸಾಲಾದರೂ ಬರಿ.

ತಮ್ಮ


ಮೇ 19

ನಿನ್ನ ಭಾವ ಹೋದರು. ಹನ್ನೊಂದನೇ ತಾರೀಕು. ಕೊಳವೆಯಲ್ಲಿ ಕೀವಾಗಿ ರಕ್ತಕ್ಕೆ ಸೇರಿತು. ಎಲ್ಲ ಮುಗಿದಿದೆ.

ಗೇಟಿಗೆ ಫೋನ್ ಮಾಡಿಸಬಹುದಿತ್ತು. ಮಾಡಿಸಲಿಲ್ಲ. ನೀನು ಕೆಲಸ ಬಿಟ್ಟಾದರೂ ಓಡಿ ಬರುತ್ತಿದ್ದೆ ಎಂದು ಗೊತ್ತಿತ್ತು. ನಿನ್ನ ಮುಖ ನೋಡಲು ನನಗೆ ಇಷ್ಟವಿರಲಿಲ್ಲ.

ಆರು ವಾರ ನಿನ್ನ ಹಂದಿಗೆ ಸಿಕ್ಕಿತು. ಇವರಿಗೆ ಸಿಗಲಿಲ್ಲ. ಹಗುರವಾಯಿತು ಎಂದು ಬರೆದಿದ್ದೆಯಲ್ಲ, ಈಗ ಎಷ್ಟು ಹಗುರವಾಗಿದೆ, ತೂಗಿ ನೋಡಿಕೋ.

ಬರಬೇಡ.


ಜೂನ್ 2

ಅಕ್ಕನಿಗೆ,

ಬರಬೇಡ ಅಂದೆ, ಬಂದಿಲ್ಲ. ಬರೆಯಬೇಡ ಅನ್ನಲಿಲ್ಲ ಎಂದು ಬರೆಯುತ್ತಿದ್ದೇನೆ. ಭಾವನ ಬಗ್ಗೆ ನಾನು ಏನು ಬರೆದರೂ ಅದು ನೆಪದ ಹಾಗೆ ಕಾಣುತ್ತದೆ. ಮೆಟ್ಟಿಲ ಮೇಲೆ ಕೂತಾಗ ಅವರು ನನ್ನ ಹೆಗಲ ಮೇಲೆ ಕೈ ಇಟ್ಟಿದ್ದರು. ಭಾರಕ್ಕೋ ಪ್ರೀತಿಗೋ ಎಂದು ಆಗ ತಿಳಿದಿರಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಇವತ್ತು ದೊರೆಸಾನಿಯೂ ಹೋದಳು. ಪಟ್ಟಿಯ ಎರಡನೆಯವರಿಗಂತೆ. ಆಪರೇಷನ್ ಕೋಣೆಯ ತನಕ ಬೇರೆಯವರು ಕರೆದುಕೊಂಡು ಹೋಗುತ್ತಾರೆ, ನೀವು ಬೇಡ ಅಂದರು ಡಾಕ್ಟರಮ್ಮ. ನಾನೇ ಹೋಗುತ್ತೇನೆ ಅಂದೆ. ಹೆದರಿಸದೆ ಕರೆದುಕೊಂಡು ಹೋಗಬೇಕಿತ್ತು, ಅವಳು ಬರುವುದು ನನ್ನ ಹಿಂದೆ ಮಾತ್ರ. ಬಾಗಿಲ ಹತ್ತಿರ ಬಗ್ಗಿದಾಗ ಅಭ್ಯಾಸಬಲದಿಂದ ಬೂಟಿನ ಪಟ್ಟಿ ಬಿಚ್ಚಿದಳು. ಹಾಗೇ ಬಿಚ್ಚಿಕೊಂಡ ಬೂಟಿನಲ್ಲಿ ವಾಪಸು ಬಂದೆ. ಒಬ್ಬ ಮನುಷ್ಯನನ್ನು ಉಳಿಸುವ ಕೆಲಸ ಇದು, ಒಪ್ಪಿಯೇ ಸೇರಿದೆ, ಈಗಲೂ ಒಪ್ಪುತ್ತೇನೆ. ಒಪ್ಪಿದ್ದಕ್ಕೆ ನೋವು ಕಡಿಮೆಯಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಅವಳಿಗೆ ಆರು ವಾರ ಸಿಕ್ಕಿತು, ನಿಜ. ಅವಳಿಗೆ ಅದು ತಿಳಿದಿರಲಿಲ್ಲ. ತಿಳಿದಿದ್ದವನು ನಾನೊಬ್ಬನೇ.

ತಮ್ಮ


ಜೂನ್ 21

ತಮ್ಮನಿಗೆ,

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ವ್ಯಾನಿನ ಹುಡುಗಿಯನ್ನು ನೋಡಲು. ಒಳ್ಳೆಯ ಮನಸ್ಸಿನಿಂದ ಹೋದೆ ಅಂದುಕೊಳ್ಳಬೇಡ. ಇವರಿಗೆ ಬರಬೇಕಾದದ್ದು ಇನ್ನೊಬ್ಬರ ಹೊಟ್ಟೆಯಲ್ಲಿ ಹೇಗಿದೆ ನೋಡಿಯೇ ಬಿಡೋಣ ಎಂದು ಹೊಟ್ಟೆ ಉರಿದುಕೊಂಡೇ ಹೋದದ್ದು.

ಗಾಜಿನ ಆಚೆ ಕೂತಿದ್ದಳು. ನಡುವೆ ಮಾತಾಡಲು ಒಂದು ಫೋನು. ಮಂಚದ ಪಕ್ಕದಲ್ಲಿ ಉಚ್ಚೆಯ ಚೀಲ ತೂಗುತ್ತಿತ್ತು. ಮುಕ್ಕಾಲು ತುಂಬಿತ್ತು. ಇವರು ಎಷ್ಟೋ ವರ್ಷ ಒಂದು ಲೋಟದಷ್ಟೂ ಕಾಣಲಿಲ್ಲ. ನಾನು ಆ ಚೀಲವನ್ನೇ ನೋಡುತ್ತಾ ನಿಂತುಬಿಟ್ಟೆ. ಅಳು ಬಂತು. ಈ ಸಲ ನಿಜವಾದ ಅಳುವೇ.

"ಆಂಟಿ, ಎಷ್ಟ್ ದಿನ ಇರುತ್ತೋ ಯಾರೂ ಹೇಳ್ತಿಲ್ಲ," ಅಂದಳು. "ಆದ್ರೆ ಬೆಳಗ್ಗೆ ಎದ್ದು ಬಾತ್ರೂಮಿಗೆ ಹೋಗ್ಬೇಕು ಅನ್ಸಿದ್ರೂ ಖುಷಿಯಾಗುತ್ತೆ." ಆಮೇಲೆ ಒಂದು ಕೇಳಿದಳು. "ಅದು ಹೇಗಿತ್ತು ಆಂಟಿ? ಡಾಕ್ಟ್ರು ನಂಬರ್ ಅಷ್ಟೇ ಹೇಳ್ತಾರೆ."

ಹೆಸರು ದೊರೆಸಾನಿ ಎಂದೆ. ಬಕೆಟ್ಟಿನ ವಿಷಯ, ಒಂದೇ ಮೂಲೆಯ ವಿಷಯ ಹೇಳಿದೆ. ನಕ್ಕಳು, ಹೊಲಿಗೆ ನೋವಾಗಿ ಹೊಟ್ಟೆ ಹಿಡಿದುಕೊಂಡಳು. ಇನ್ನೂ ಹೇಳಿ ಅಂದಳು. ನನ್ನಲ್ಲಿ ಅಷ್ಟೇ ಇತ್ತು. ಉಳಿದದ್ದನ್ನು ನೀನು ಬರೆದುಕೊಡು.

ಈಗ ನಾನು ಬಚ್ಚಿಟ್ಟುಕೊಂಡದ್ದು. ಬೀಗದ ಸುದ್ದಿ ಬಂದ ದಿನವೇ ಇವರಿಗೆ ನಿಜ ಹೇಳಿದ್ದೆ. ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ ಬಸ್ಸಿನವನಲ್ಲ, ನನ್ನದೇ ನೆಗಡಿ ಅಂತ. "ನಂಗೊತ್ತಿತ್ತು ಮಾರಾಯ್ತಿ. ನೀನು ಅಡಿಗೆಮನೇಲಿ ಬಾಗಿಲು ಹಾಕ್ಕೊಂಡು ಸೀನಿದ್ರೂ ಕೆಳಗಿನ ಮಹಡಿಗೆ ಕೇಳ್ಸುತ್ತೆ. ಹುಡುಗ ಬಂದು ಹೋಗ್ಲಿ ಅಂತ ನಾನೂ ಸುಮ್ನಿದ್ದೆ," ಅಂದರು. ಕೊನೆಗೆ ಮಾತು ತೊದಲುವ ಮುಂಚೆ ಇನ್ನೊಂದು ಹೇಳಿದರು. "ಅವನು ಮಾಡಿದ್ದೇ ಸರಿ. ಹಗ್ಗದಲ್ಲಿ ಒಂದೆಳೆ ಹರಿದಿದೆ ಅಂತ ಅನುಮಾನ ಬಂದ್ರೂ ಲಿಫ್ಟಿಗೆ ಹತ್ಬೇಡಿ ಅಂತ ಬೋರ್ಡು ತಗುಲಿಸ್ಲೇಬೇಕು, ಕೆಳಗೆ ಸ್ವಂತ ಮಾವನೇ ಕಾಯ್ತಿದ್ರೂ. ಇದನ್ನ ಅವನಿಗೆ ಬರಿ. ಮರೀಬೇಡ."

ಮರೆಯಲಿಲ್ಲ. ಬರೆಯಲಿಲ್ಲ. ಅವರ ಮಾತು ನಿನ್ನನ್ನು ತಲುಪಿದರೆ ನಿನ್ನ ಭಾರ ಇಳಿಯುತ್ತಿತ್ತು. ಆಗ ತಪ್ಪು ನನ್ನೊಬ್ಬಳದೇ ಆಗಿ ಉಳಿಯುತ್ತಿತ್ತು. ಇಷ್ಟು ದಿನ ನೀನೂ ಜೊತೆಗೆ ಹೊರಲಿ ಎಂದು ಇಟ್ಟುಕೊಂಡೆ. ಈಗ ಕೊಟ್ಟಿದ್ದೇನೆ.

ಮನೆಯಲ್ಲಿ ಕಾಲರ್‌ಗಳು ರಾಶಿ ಬಿದ್ದಿವೆ. ಲಿಫ್ಟು ಇನ್ನೂ ಕೆಟ್ಟೇ ಇದೆ. ಸ್ಟೂಲು ಹೊರುವುದು ತಪ್ಪಿದೆ, ಆದರೂ ಕೈ ಅದನ್ನೇ ಹುಡುಕುತ್ತದೆ. ಪಾಳಿ ಮುಗಿದ ಮೇಲೆ ಬಾ.

ನೆಗಡಿಯಿದ್ದರೂ ಬಾ.

ಅಕ್ಕ